ಎಲ್ಲರಿಗೂ ಎಂಟಡಿ ಕಂಬಳಿ

ಮಬಿಯೋರ್ ನಮ್ಮ ಕಾಲೇಜಿನ ಪರವಾಗಿ ನಾಲ್ಕು ವರ್ಷ ಬಾಸ್ಕೆಟ್‌ಬಾಲ್ ಆಡಿದ. ಆದರೆ ಅವನ ಆಟ ಮೊದಲ ಪಂದ್ಯಕ್ಕೂ ಮುಂಚೆಯೇ ಮುಗಿದುಹೋಗುವುದರಲ್ಲಿತ್ತು. ಕಾರಣ, ನಾನು ಹೆಣೆದ ಒಂದು ಕಂಬಳಿ.

ದಕ್ಷಿಣ ಸುಡಾನಿನಿಂದ ನೆಬ್ರಾಸ್ಕಾದ ಈ ಸಣ್ಣ ಊರಿಗೆ ಓದಲು ಬಂದ ಹುಡುಗ. ಇಲ್ಲಿ ಅವನು ತಲೆ ತಗ್ಗಿಸದೆ ಒಳಗೆ ಹೋಗಬಹುದಾದ ಬಾಗಿಲುಗಳು ಎರಡೇ: ಚರ್ಚಿನದು, ಅಗ್ನಿಶಾಮಕ ಠಾಣೆಯದು. ನಾನು ನಿವೃತ್ತಳಾದ ಮೇಲೂ ಕಾಲೇಜಿನ ಲೈಬ್ರರಿಯಲ್ಲಿ ಕೂತು ಮಕ್ಕಳ ಪ್ರಬಂಧಗಳನ್ನು ತಿದ್ದಿಕೊಡುತ್ತಿದ್ದೆ. ಒಂದು ಮಧ್ಯಾಹ್ನ ಮಬಿಯೋರ್ ನನ್ನೆದುರು ಅರ್ಧ ವಾಕ್ಯ ಓದಿ ತೂಕಡಿಸತೊಡಗಿದ.

"ರಾತ್ರಿ ನಿದ್ದೆ ಎಲ್ಲಿ ಬರುತ್ತೆ ಮೇಡಂ?" ಎಂದು ಅವನ ಕೋಣೆಯ ಜೊತೆಗಾರ ಟೈರೆಲ್ ನಕ್ಕ. "ಹಾಸ್ಟೆಲ್ ಕಂಬಳಿ ಇವನ ಮೊಣಕಾಲಿಗೇ ಮುಗಿದುಹೋಗುತ್ತೆ. ಕಾಲೆರಡನ್ನೂ ಆಟದ ಬ್ಯಾಗಿಗೆ ತುರುಕಿ, ಜಿಪ್ ಎಳ್ಕೊಂಡು ಮಲಗ್ತಾನೆ. ಮೊನ್ನೆ ಬೆಂಕಿ ಗಂಟೆ ಹೊಡೀತಲ್ಲ, ಹಂಗೇ ಕುಪ್ಪಳಿಸ್ಕೊಂಡು ಮೆಟ್ಟಿಲಿಳಿದ!"

"ಬ್ಯಾಗು ಬೆಚ್ಚಗಿದೆ ಅಜ್ಜಿ," ಎಂದ ಮಬಿಯೋರ್, ಬ್ಯಾಗಿನ ಮರ್ಯಾದೆ ಕಾಪಾಡುವವನಂತೆ.

ನಾನು ಎಂಟಡಿ ಉದ್ದದ ನೀಲಿ ಕಂಬಳಿ ಹೆಣೆದು ಕೊಟ್ಟೆ. ಕೆಲವು ದಿನಗಳ ನಂತರ ಅವನು ಮುಖ ಸಣ್ಣ ಮಾಡಿಕೊಂಡು ಬಂದ. "ಕಾಲಿನ ಹೆಬ್ಬೆರಳು ತೂರಿಹೋಯ್ತು ಅಜ್ಜಿ. ಮೂಲೇಲಿ ತೂತು." ತಂದುಕೊಡು, ಹೊಲಿದುಕೊಡುತ್ತೇನೆ ಎಂದೆ. ಅವನು ತರುವ ಮೊದಲೇ ಡಾಯ್ಲ್ ಬಂದ.

ಡಾಯ್ಲ್ ನನ್ನ ಹಳೆಯ ವಿದ್ಯಾರ್ಥಿ. ಈಗ ಅದೇ ಕಾಲೇಜಿನಲ್ಲಿ, ಆಟಗಾರರು ನಿಯಮ ಮೀರದಂತೆ ನೋಡಿಕೊಳ್ಳುವುದು ಅವನ ಕೆಲಸ.

"ಬೈಬೇಡಿ ಮೇಡಂ. ಕಂಬಳಿ ನನ್ನ ಬೀರುವಿನಲ್ಲಿದೆ. ಆಟಗಾರ ಅಂತ ಊರಿನವರು ಏನೂ ಕೊಡೋ ಹಾಗಿಲ್ಲ. ಶನಿವಾರದ ಪಂದ್ಯದೊಳಗೆ ಇದು ಸರಿಹೋಗದಿದ್ರೆ ಅವನು ಆಡೋ ಹಾಗಿಲ್ಲ. ಆಡದಿದ್ರೆ ಅವನ ಫೀಸು ಕಟ್ಟೋರಿಲ್ಲ, ವಾಪಸ್ ಊರಿಗೆ ಹೋಗ್ಬೇಕಾಗುತ್ತೆ."

"ಅವನ ಕಾಲಿಗೆ ಚಳಿ ಆಗ್ತಿತ್ತು ಕಣೋ."

"ಚಳಿ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲ ಮೇಡಂ."

ಬಾಗಿಲವರೆಗೆ ಹೋದವನು ಟೋಪಿಯನ್ನು ತಿರುಗಿಸುತ್ತಾ ನಿಂತುಬಿಟ್ಟ. "ಆದ್ರೆ, ಕಾಲೇಜಿನ ಪ್ರತಿಯೊಬ್ಬರಿಗೂ ಸಿಕ್ಕಿದ್ರೆ ಅದು ಉಡುಗೊರೆ ಅಲ್ಲ, ಸೌಕರ್ಯ."

"ಪ್ರತಿಯೊಬ್ಬರಿಗೂ ಎಂಟಡಿ ಕಂಬಳಿಯೇ?"

"ಅದೇ ಅಳತೆ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ನಮ್ಮ ಹೆಣಿಗೆಯ ಗುಂಪಿಗೆ ವಿಷಯ ತಿಳಿಸಿದೆ. "ನಾನೂರು ಮಕ್ಕಳಿಗಾ? ಶನಿವಾರದೊಳಗೆ? ವರ್ನಾ, ನಿಂಗೇನು ತಲೆ ಕೆಟ್ಟಿದೆಯೇನೇ?" ಎಂದಳು ಗೆಳತಿ ಆರ್ಡಿಸ್. ಹಾಗೆನ್ನುತ್ತಲೇ ಫೋನ್ ಎತ್ತಿಕೊಂಡಳು.

ಹೆಣೆಯಲು ಸಮಯವಿರಲಿಲ್ಲ. ಇದ್ದ ಕಂಬಳಿಗಳನ್ನೇ ಎರಡೆರಡು ಸೇರಿಸಿ ಹೊಲಿದೆವು. ಜನ ತಮ್ಮ ಹಾಸಿಗೆಗಳನ್ನೇ ಬರಿದು ಮಾಡಿ ತಂದರು. ರೈತರು ಕುದುರೆಗೆ ಹೊದಿಸುವುದನ್ನು ತಂದರು. ದಂತವೈದ್ಯರು ಕ್ಲಿನಿಕ್ಕಿನ ಪರದೆಗಳನ್ನು ಕಳಿಸಿಕೊಟ್ಟರು.

ಮಬಿಯೋರ್ ಸಹಾಯಕ್ಕೆಂದು ಬಂದು ಸೂಜಿ ಎತ್ತಿಕೊಂಡ. ಅವನ ಹಿಂದೆಯೇ ಬಂದ ಡಾಯ್ಲ್ ಗಾಬರಿಯಾದ. "ಸೂಜಿ ಕೆಳಗಿಡಪ್ಪಾ! ಅದನ್ನ ಕೆಲಸ ಅಂತಾರೆ, ಹೊರದೇಶದ ವಿದ್ಯಾರ್ಥಿ ಹೊರಗೆ ಕೆಲಸ ಮಾಡೋ ಹಾಗಿಲ್ಲ!"

"ಅಳತೆಗೆ ನಿಲ್ಲಬಹುದಾ ಸರ್?"

ಡಾಯ್ಲ್ ಬಹಳ ಹೊತ್ತು ಯೋಚಿಸಿದ. "ನಿಂತ್ಕೋ. ನಗಬೇಡ. ನಕ್ಕರೆ ಜಾಹೀರಾತು ಆಗುತ್ತೆ."

ಮಬಿಯೋರ್ ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಕೈ ಎತ್ತಿ ಗಂಭೀರವಾಗಿ ನಿಂತ. ಹೊಲಿದ ಒಂದೊಂದು ಕಂಬಳಿಯನ್ನೂ ಅವನ ಕೈಯಿಂದ ಪಾದದವರೆಗೆ ಇಳಿಬಿಟ್ಟು ನೋಡಿದೆವು. "ಯಾರು ತೀರ್ಕೊಂಡ್ರು ಮಗನೇ?" ಎಂದು ಆರ್ಡಿಸ್ ಕೆಣಕುತ್ತಲೇ ಇದ್ದಳು. ನಗು ತಡೆದು ತಡೆದು ಅವನ ಕೆನ್ನೆ ಉಬ್ಬಿಹೋಗಿತ್ತು. ಊಟಕ್ಕೆ ಹುರುಳಿಕಾಯಿ ಬೀಜದ ಖಾರದ ಸಾರು, ಜೊತೆಗೆ ದಾಲ್ಚಿನ್ನಿಯ ಸಿಹಿ ರೋಲ್. ನಿಯಮದ ಪ್ರಕಾರ ಬರೀ ರೋಲ್ ತಿಂಡಿಯಂತೆ, ಸಾರು ಸೇರಿದರೆ ಊಟವಂತೆ. ಆಟಗಾರನಿಗೆ ತಿಂಡಿ ಕೊಡಬಹುದು, ಊಟ ಕೊಡುವಂತಿಲ್ಲ. ಆದ್ದರಿಂದ ಅವನು ಸಾರಿನ ಪಾತ್ರೆಯ ಪಕ್ಕದಲ್ಲಿ ನಿಂತು, ಅದರ ವಾಸನೆಯಲ್ಲೇ ರೋಲ್ ತಿಂದ. ವಾಸನೆಯ ಬಗ್ಗೆ ಡಾಯ್ಲ್ ಏನೂ ಹೇಳಲಿಲ್ಲ. ಪಾತ್ರೆಯ ಮುಚ್ಚಳ ತೆಗೆದಿಟ್ಟವನೂ ಅವನೇ.

ಶನಿವಾರ ಬೆಳಿಗ್ಗೆ ಕಾಲೇಜಿನ ಬಾಗಿಲಲ್ಲಿ ನಿಂತು ಹಂಚಿದೆವು. ಐದಡಿಯೂ ಇಲ್ಲದ ಒಬ್ಬ ಹುಡುಗಿ ಮೂರು ಸುತ್ತು ಸುತ್ತಿಕೊಂಡು, ಹೆಜ್ಜೆ ಇಡಲಾಗದೆ ಇಬ್ಬರು ಗೆಳತಿಯರ ಹೆಗಲ ಮೇಲೆ ಪಂದ್ಯಕ್ಕೆ ಬಂದಳು. ಕ್ರೀಡಾಂಗಣದ ತುಂಬ ಕಂಬಳಿಗಳೇ. ಎದುರು ತಂಡದವರು ಇಲ್ಲೇನೋ ರೋಗ ಹಬ್ಬಿದೆಯೆಂದು ದೂರದಲ್ಲೇ ನಿಂತರು.

ಇನ್ನೇನು ಆಟ ಶುರುವಾಗಬೇಕು, ಡಾಯ್ಲ್ ಬೆವರುತ್ತಾ ಓಡಿಬಂದ. "ಒಬ್ಬನಿಗೆ ಸಿಕ್ಕಿಲ್ಲ ಮೇಡಂ!"

"ಎಲ್ಲರಿಗೂ ಕೊಟ್ಟಾಯ್ತಲ್ಲೋ! ಯಾರಿಗೆ?" ಎಂದಳು ಆರ್ಡಿಸ್.

"ಮಬಿಯೋರನಿಗೆ. ಅವನೂ ವಿದ್ಯಾರ್ಥಿ ತಾನೇ? ಅವನಿಗೆ ಸಿಗದಿದ್ರೆ ಎಲ್ಲರಿಗೂ ಸಿಕ್ಕ ಹಾಗಾಗಲ್ಲ. ಎಲ್ಲರಿಗೂ ಸಿಗದಿದ್ರೆ ಅವನು ಆಡೋ ಹಾಗಿಲ್ಲ."

"ಅವನದ್ದನ್ನ ನೀನೇ ಕಿತ್ಕೊಂಡು ಇಟ್ಕೊಂಡಿದೀಯಲ್ಲೋ, ಪುಣ್ಯಾತ್ಮ!"

ಡಾಯ್ಲ್ ಕೋಟಿನ ಒಳಗಿಂದ ನೀಲಿ ಕಂಬಳಿಯನ್ನು ಎಳೆಯತೊಡಗಿದ. ಅದು ಬರುತ್ತಲೇ ಇತ್ತು. ರೆಫರಿ ಬಾಯಲ್ಲಿ ಸೀಟಿ ಇಟ್ಟುಕೊಂಡೇ ಕಾದ. ನಾನು ಅದನ್ನು ಎಲ್ಲರ ಎದುರಿಗೆ ಮಬಿಯೋರನಿಗೆ ಕೊಟ್ಟೆ. ಡಾಯ್ಲ್ ಕೋಚ್‌ನತ್ತ ತಲೆಯಾಡಿಸಿದ.

"ಸ್ವಲ್ಪ ಹಿಡ್ಕೊಂಡಿರಿ ಅಜ್ಜಿ," ಎಂದು ಕಂಬಳಿಯನ್ನು ನನ್ನ ಮಡಿಲಿಗೆ ಹಾಕಿ ಮಬಿಯೋರ್ ಅಂಗಳಕ್ಕೆ ಓಡಿದ. ಓಡುವಾಗ ಕೊನೆಗೂ ನಕ್ಕ. ಆ ದಿನ ಅವನು ಹಾಕಿದ್ದು ಒಂದೇ ಬಾಸ್ಕೆಟ್. ನಾನು ಅದನ್ನೂ ನೋಡಲಿಲ್ಲ.

ಕಂಬಳಿ ಮಡಚುತ್ತಿದ್ದಾಗ ಮೂಲೆಯ ತೂತು ನೆನಪಾಯಿತು. ಹುಡುಕಿದೆ. ತೂತು ಇರಲಿಲ್ಲ. ಯಾರೋ ಹಸಿರು ದಾರದಲ್ಲಿ, ಕೋಳಿ ಕೆದಕಿದ ಹಾಗೆ ಅಡ್ಡಾದಿಡ್ಡಿಯಾಗಿ, ಆದರೆ ಬಹಳ ಗಟ್ಟಿಯಾಗಿ ಹೊಲಿದಿದ್ದರು. ಪಕ್ಕದಲ್ಲಿ ಕೂತಿದ್ದ ಡಾಯ್ಲ್ ಆಟವನ್ನೇ ನೋಡುತ್ತಿದ್ದ. ಅವನ ಕೈಯ ಹೆಬ್ಬೆರಳಿಗೆ ಗಾಯದ ಪಟ್ಟಿ ಅಂಟಿಸಿತ್ತು.

ಇಂಥ ಹಸಿರು ಹೊಲಿಗೆ ಉಳಿದ ಯಾರ ಕಂಬಳಿಗೂ ಸಿಕ್ಕಿರಲಿಲ್ಲ.

ನಾನು ಆ ಮೂಲೆಯನ್ನು ಒಳಗೆ ಮಡಚಿ, ಕಂಬಳಿಯ ಮೇಲೆ ಕೂತುಬಿಟ್ಟೆ.