ಮಾತು ಕಟ್ಟುವ ದಿನ

ಮತ್ತೆ ಪೋಂ ಪೋಂ, ಜಹಾಂಗೀರ ಮೋಟಾರಿನ ಆ ರಬ್ಬರಿನ ಗುಂಡು ಹಿಚುಕಿದಾಗಲೆಲ್ಲ ಕೊಯ್ದ ಗದ್ದೆಯಲ್ಲಿ ನಿಂತ ಕೊಕ್ಕರೆಗಳು ದಿಗಿಲುಬಿದ್ದು ಏಳುತ್ತವೆ, ಎದುರಿಗೆ ಎತ್ತಿಲ್ಲ, ಗಾಡಿಯಿಲ್ಲ, ಸುಮ್ಮನೆ ಒತ್ತುತ್ತಾನೆ, ಒತ್ತಲಿ, ಸದ್ದು ಮಾಡುವವರನ್ನು ಕಂಡರೆ ನನಗೀಗ ಅಕ್ಕರೆ, ಶಿರಸಿ ಬಿಟ್ಟು ಮುಕ್ಕಾಲು ತಾಸಾಯಿತು, ಬನವಾಸಿ ಇನ್ನೂ ಬಂದಿಲ್ಲ, ಪಕ್ಕದಲ್ಲಿ ಕೂತ ರುಮಾಲಿನವನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದಾನೆ, ಹತ್ತುವಾಗ ನನ್ನ ದನಿ ಕೇಳಿ, ಅವ್ವಾರ, ಸ್ವಲ್ಪ ಮೆಲ್ಲಕ ಮಾತಾಡ್ರಿ, ಗಂಡಸರು ಕುಂತೇವಿ ಅಂದ, ನಾನು ಬಿಡಲಿಲ್ಲ, ಹನ್ನೊಂದು ವರ್ಷ ಮೆಲ್ಲಕೂ ಆಡಿಲ್ಲೋ ತಮ್ಮಾ, ಈಗ ಜೋರಾಗೇ ಆಡತೀನಿ, ಕಿವಿ ನೊಂದರ ಅರಿವಿ ಸುತ್ತಿಕೋ ಅಂದೆ, ಹಿಂದಿನವರು ನಕ್ಕರು, ಅವನು ನಗಲಿಲ್ಲ — ಹನ್ನೊಂದು ವರ್ಷ ಎಂದರೆ ಏನೆಂದು ಅವನಿಗೇನು ಗೊತ್ತು, ಇವತ್ತು ಬನದ ಹುಣ್ಣಿಮೆ, ವರದೆಯ ದಂಡೆಯ ಮೌನದ ಮನೆಯಲ್ಲಿ ಇವತ್ತು ನನ್ನ ತಂಗಿ ಶಾರದವ್ವನ ಮಗಳು ಅಡಿವೆವ್ವನ ಮಾತು ಕಟ್ಟುತ್ತಾರೆ, ಹದಿನೇಳು ವರ್ಷದ ಹುಡುಗಿ, ಕುಟ್ಟುವಾಗ ಹಾಡು, ಬೀಸುವಾಗ ಹಾಡು, ಎಮ್ಮೆಯ ಕೂಡ ಜಗಳ, ಅಂಥವಳ ಬಾಯಿಗೆ ಬೀಗ, ಯಾಕೆಂದರೆ ಅವಳಪ್ಪ ಪರಮೇಶ್ವರಪ್ಪನಿಗೆ ಹೋದ ಮಳೆಗಾಲದಲ್ಲಿ ಜ್ವರ ಏರಿ ನಾಲಗೆ ಒಳಗೆ ಸೇದಿತ್ತಂತೆ, ಆಗ ಹರಕೆ ಹೊತ್ತನಂತೆ, ನನ್ನ ಮಾತು ನನಗೆ ಮರಳಿದರೆ ಮಗಳ ಮಾತು ದೇವರಿಗೆ ಕೊಡುತ್ತೇನೆ ಎಂದು, ಭಲೆ ಭಲೆ, ಅವನ ನಾಲಗೆಗೆ ಅವಳ ನಾಲಗೆ, ಮೆಣಸಿನಕಾಯಿ ಗಾಡಿ ಹೊಡೆಯುವ ಹುಚ್ಚ ಎಂಬವನು ಸಂತೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು, ನಿಮ್ಮ ತಂಗೆವ್ವ ಹೇಳ್ಯಾಳ, ಹುಣ್ಣಿಮಿ ದಿನ ಅಕ್ಕಗ ಬಾ ಅನ್ನು ಅಂದಾಳ, ಮತ್ತೇನೂ ಅನಲಿಲ್ರಿ, ಅತ್ತಳು ಅಷ್ಟ ಅಂದ. ಶಾರದಿ, ನೀನು ಯಾವ ಮನೆಯನ್ನೂ ಸೇರದೆಯೇ ಮೌನ ಹಿಡಿದವಳು.

ಅಡಿವೆವ್ವಾ, ನಿನಗೆ ಏನೇನು ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡೆ, ಈಗ ಮೋಟಾರಿನ ಕುಲುಕಿಗೆ ಎಲ್ಲ ಚೆಲ್ಲಿಹೋಗುತ್ತಿದೆ — ಬಾಯಿ ಮುಚ್ಚು ಎಂದು ಯಾರಾದರೂ ಹೇಳಿದರೆ ಮೊದಲು ಹೇಳಿದವನ ಬಾಯಿ ನೋಡು, ಅದು ಮುಚ್ಚಿದೆಯೋ ತೆರೆದಿದೆಯೋ, ಹಸಿದಾಗ ವ್ರತ ಹಿಡಿಯಬೇಡ, ಅತ್ತು ಮುಗಿದ ಮೇಲೆ ಕೂಡಲೇ ಯಾರ ಕಾಲಿಗೂ ಬೀಳಬೇಡ, ಮೊದಲು ಮುಖ ತೊಳೆ, ಎರಡು ರೊಟ್ಟಿ ತಿನ್ನು, ಆಮೇಲೂ ಬೀಳಬೇಕೆನಿಸಿದರೆ ಬೀಳು, ನಾನು ಹಾಗೆ ಮಾಡಲಿಲ್ಲ, ಗಂಡ ಸತ್ತು ಇಪ್ಪತ್ತೊಂದನೆಯ ದಿನ ಅಜ್ಜನ ಮುಂದೆ ಕೂತಿದ್ದೆ, ಇಪ್ಪತ್ತನಾಲ್ಕು ವರ್ಷ ನನಗೆ, ಅಜ್ಜ ಎಂದರೆ ಮುದುಕನಲ್ಲ, ಆಗ ಅವನಿಗೆ ನಲವತ್ತೂ ಇರಲಿಲ್ಲ, ಮೌನದ ಮನೆ ಕಟ್ಟಿದವನು, ಹೆಂಗಸಿನ ತಪಸ್ಸು ಬಾಯಿಂದ ಸೋರತದ ತಂಗೀ, ಬಾಯಿ ಕಟ್ಟಿದರ ಒಳಗ ದೀಪ ಹತ್ತತದ ಎಂದ, ಎಷ್ಟು ಇಂಪಾಗಿ ಹೇಳಿದ, ಹದಿನಾಲ್ಕು ಜನ ಹೆಂಗಸರು ನಾವು, ಬತ್ತಿ ಹೊಸೆಯುವುದು, ಸಗಣಿ ಸುಟ್ಟು ವಿಭೂತಿ ಕಟ್ಟುವುದು, ದನಗಳ ಗೋದಲಿ ಬಳಿಯುವುದು, ಅಡಿಗೆ, ನೀರು, ಯಾರೂ ಮಾತಾಡುವಂತಿಲ್ಲ, ಎರಡು ಚಪ್ಪಾಳೆ ಎಂದರೆ ಊಟ, ಮೂರು ಎಂದರೆ ಬಾ, ಇಷ್ಟೇ ಭಾಷೆ, ಇಡೀ ಮನೆಯಲ್ಲಿ ಮಾತಾಡುವವನು ಅವನೊಬ್ಬನೇ, ಅವನಿಗೆ ಮೌನ ಬೇಡವಂತೆ, ಬೋಧಿಸಬೇಕಲ್ಲ, ಪುಣ್ಯಾತ್ಮ ಊಟಕ್ಕೆ ಕೂತರೆ ಸಾರಿಗೆ ಉಪ್ಪು ಕಡಿಮೆಯಾದದ್ದರ ಬಗ್ಗೆಯೇ ಒಂದು ಗಳಿಗೆ ಬೋಧಿಸುತ್ತಿದ್ದ, ನಾವು ಹದಿನಾಲ್ಕು ಜನ ತಲೆ ತಗ್ಗಿಸಿ ಕೇಳುತ್ತಿದ್ದೆವು, ಆದರೆ ಸುಳ್ಳು ಹೇಳಬಾರದು, ಮೊದಲ ವರ್ಷ ಚೆನ್ನಾಗಿತ್ತು, ಚೆನ್ನಾಗಿತ್ತು ಎನ್ನಲು ಈಗಲೂ ನನಗೆ ಅಂಜಿಕೆಯಿಲ್ಲ, ಸತ್ತವನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಬೆಳಗಿನಲ್ಲಿ ಎಲೆಯಿಂದ ಎಲೆಗೆ ಇಬ್ಬನಿ ಬೀಳುವ ಸದ್ದು ಕೇಳುತ್ತಿತ್ತು, ದೇವರು ಹತ್ತಿರ ಇದ್ದಾನೆ ಎನಿಸುತ್ತಿತ್ತು, ಎರಡನೆಯ ವರ್ಷ ಒಳಗಿನ ಮಾತು ಹೆಚ್ಚಾಯಿತು, ಹೀಗೇ, ಈಗ ಹರಿಯುತ್ತಿದೆಯಲ್ಲ ಹೀಗೇ, ತಡೆಯಿಲ್ಲದೆ, ಐದನೆಯ ವರ್ಷಕ್ಕೆ ಅದೂ ತೆಳ್ಳಗಾಯಿತು, ಹೆಸರುಗಳು ಮರೆಯತೊಡಗಿದವು, ಒಂದು ದಿನ ಮೊರ ಕೈಯಲ್ಲಿ ಹಿಡಿದು ಇದಕ್ಕೆ ಏನನ್ನುತ್ತಾರೆ ಎಂದು ಹೊತ್ತು ಇಳಿಯುವವರೆಗೆ ನಿಂತೆ, ಅದನ್ನೇ ಅಜ್ಜ ಸಿದ್ಧಿ ಎಂದ. ಲಿಂಗ ನಾನು ಬಿಟ್ಟಿಲ್ಲ, ಇಗೋ ಎದೆಯ ಮೇಲಿದೆ, ದಿನಾ ಅಂಗೈಯಲ್ಲಿಟ್ಟು ಪೂಜಿಸುತ್ತೇನೆ, ಬಿಟ್ಟದ್ದು ಆ ಮನೆಯನ್ನು, ಇವೆರಡೂ ಬೇರೆ ಬೇರೆ ಎಂದು ತಿಳಿಯಲು ಹನ್ನೊಂದು ವರ್ಷ, ಒಂದು ಜೀವ — ಬನವಾಸಿ, ಬನವಾಸಿ ಬಂತು, ಜಹಾಂಗೀರ ಹಿಂದಿರುಗಿ, ಮೌಸೀ, ಸಂಜೆಗೆ ಇದೇ ಮರದ ಹತ್ತಿರ ನಿಂತಿರತೀನಿ, ಅಮ್ಮಾ ಹೇಳಿದ್ದಾಳೆ ನಿಮ್ಮನ್ನು ಬಿಟ್ಟು ಬರಬೇಡ ಅಂತ ಎಂದ, ಅವನಮ್ಮ ರಹಿಮತ್ಬಿ, ಅವಳಿಲ್ಲದಿದ್ದರೆ ನಾನು ಕಾಗೆಯಾಗಿಯೇ ಉಳಿಯುತ್ತಿದ್ದೆ.

ಕಾಲುದಾರಿ, ಧೂಳು, ಬಿಸಿಲು ಇನ್ನೂ ಎಳೆಯದು, ಈ ದಾರಿಯಲ್ಲಿ ಐದು ವರ್ಷದ ಹಿಂದೆ ಎದುರು ದಿಕ್ಕಿಗೆ ನಡೆದೆ, ನಟ್ಟ ನಡು ಮಧ್ಯಾಹ್ನ, ಎಲ್ಲರ ಕಣ್ಣೆದುರು, ಓಡಿಹೋದಳು ಎಂದು ಆಮೇಲೆ ಸಾರಿದರು, ಓಡಲಿಲ್ಲ, ನಡೆದೆ, ಶಿರಸಿ ಸೇರಿ ಒಂದು ಮನೆಯ ಬಾಗಿಲಲ್ಲಿ ನೀರು ಕೇಳಲು ಬಾಯಿ ತೆರೆದರೆ ಕಾ ಎಂದಿತು ಗಂಟಲು, ಬರಿಯ ಕಾ, ಬಾಗಿಲಲ್ಲಿದ್ದ ಹೆಂಗಸು ಹೆದರಲಿಲ್ಲ, ಅರೆ, ಗಂಟಲು ಕಟ್ಟಿದೆ ಏನಮ್ಮಾ, ನಮ್ಮ ಮನೆ ನೀರು ಕುಡೀತೀಯಾ ಎಂದಳು, ಕುಡಿದೆ, ಅವಳೇ ರಹಿಮತ್ಬಿ, ಹಿತ್ತಿಲಲ್ಲಿ ನಿಲ್ಲಿಸಿ ಕೂಗಲು ಕಲಿಸಿದಳು, ಮೂಗಿನಿಂದ ಅಲ್ಲ, ಹೊಟ್ಟೆಯಿಂದ ಕೂಗು, ಬುಟ್ಟಿ ಹೊತ್ತರೆ ಸಾಲದು, ಬೀದಿಯ ಕೊನೇ ಮನೆಗೆ ಕೇಳಬೇಕು ಎಂದು, ಬ್ಯಾಡಗಿ ಮೆಣಸಿನಕಾಯೀ ಎಂದು ಮೊದಲ ಸಲ ಪೂರ್ತಿ ಬಂದ ದಿನ ಇಬ್ಬರೂ ಅತ್ತೆವು, ಅದೇ ತಿಂಗಳು ಸಿದ್ದಾಪುರದ ಕಡೆ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಕೂತ ಹೆಂಗಸರನ್ನು ಪೊಲೀಸರು ಶಿರಸಿಯ ಮೇಲಿಂದ ಜೈಲಿಗೆ ಸಾಗಿಸಿದರು, ಲಾರಿಯಲ್ಲಿ ನಿಂತು ಕೂಗುತ್ತಲೇ ಹೋದರು, ಆಹಾ ಎಂಥ ಗಂಟಲುಗಳು, ಮುದುಕಿಯರು ಕೂಡ — ದ್ಯಾವಮ್ಮ ಇದ್ದಿದ್ದರೆ, ಇಲ್ಲ, ಈಗ ಬೇಡ, ಆದರೆ ಅಗೋ ಹೊಳೆ ಕಾಣುತ್ತಿದೆ, ಬೇಡವೆಂದರೆ ಕೇಳುತ್ತದೆಯೇ, ಈಗ ಮೊಣಕಾಲುದ್ದ ನೀರು, ಅವತ್ತು ಶ್ರಾವಣ, ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು, ನಾನು ಮೇಲಿನ ಕಲ್ಲಿನ ಮೇಲೆ ಕೊಡ ಬೆಳಗುತ್ತಿದ್ದೇನೆ, ದ್ಯಾವಮ್ಮ ಎರಡು ಮೆಟ್ಟಿಲು ಕೆಳಗೆ, ನನ್ನ ಪಕ್ಕದ ಚಾಪೆಯವಳು, ಹನ್ನೊಂದು ವರ್ಷದಲ್ಲಿ ಒಂದೇ ಒಂದು ಮಾತು ಆಡದೆ ನನಗೆ ಅತಿ ಹತ್ತಿರದವಳಾದವಳು, ಕಲ್ಲು ಜಾರಿತು, ಹೋದಳು, ತಿರುವಿನಲ್ಲಿ ಇಬ್ಬರು ಅಂಬಿಗರು ಹರಿಗೋಲು ಎಳೆದು ಹಾಕಿ ಬಲೆ ಹೆಣೆಯುತ್ತಿದ್ದರು, ನಮಗೆ ಬೆನ್ನು ಮಾಡಿ, ಒಂದು ಕೂಗಿನಷ್ಟು ದೂರ, ಒಂದೇ ಕೂಗು, ನಾನು ಏನು ಮಾಡಿದೆ — ಚಪ್ಪಾಳೆ ತಟ್ಟಿದೆ, ಮೂರು ಚಪ್ಪಾಳೆ, ಬಾ ಎಂದು, ಮತ್ತೆ ಮೂರು, ಮತ್ತೆ ಮೂರು, ಹೊಳೆಯ ಭೋರಿನಲ್ಲಿ ಒದ್ದೆ ಕೈಗಳ ಚಪ್ಪಾಳೆ ಯಾರಿಗೆ ಕೇಳಬೇಕು, ಅವಳೂ ಕೂಗಲಿಲ್ಲ, ನನ್ನನ್ನೇ ನೋಡುತ್ತ ತುಟಿ ಬಿಗಿಹಿಡಿದು ಹೋದಳು. ವ್ರತ ಕಾಯ್ದಳು, ಶಿವನ ಪಾದ ಸೇರಿದಳು ಎಂದು ಅಜ್ಜ ಸಂಜೆ ಬೋಧಿಸಿದ, ಎಲ್ಲರೂ ಕೈಮುಗಿದರು, ನನ್ನ ಬಗ್ಗೆಯೂ ಹೇಳಿದ, ಪಾರ್ವತವ್ವ ಎಂಥ ಕಷ್ಟದಾಗೂ ಮಾತು ಮುರೀಲಿಲ್ಲ ಎಂದು, ಹೊಗಳಿದ, ನನ್ನನ್ನು ಹೊಗಳಿದ, ಮರುದಿನ ಮಧ್ಯಾಹ್ನ ನಾನು ನಡೆದೆ.

ಚಪ್ಪರ ಹಾಕಿದ್ದಾರೆ, ಮಾವಿನ ತೋರಣ, ಊರಿಗೆ ಊರೇ ಕೂತಿದೆ, ಹೊಸದಾಗಿ ಬಂದ ಹೆಂಗಸರೂ ಇದ್ದಾರೆ, ಬಿಳಿ ಸೀರೆ, ತಗ್ಗಿದ ತಲೆ, ಹಳಬರಲ್ಲಿ ಒಬ್ಬಳು ನನ್ನನ್ನು ಕಂಡು ಕಣ್ಣು ಅಗಲಿಸಿದಳು, ಅಷ್ಟೇ, ನಡುವೆ ಮಣೆಯ ಮೇಲೆ ಅಡಿವೆವ್ವ, ಎಷ್ಟು ಸಣ್ಣಗೆ ಕಾಣುತ್ತಾಳೆ, ಅಜ್ಜ ನರೆತಿದ್ದಾನೆ, ದನಿ ಮಾತ್ರ ಹಾಗೇ ಇಂಪು, ಉಳಿದ ಮಾತು ಏನಾರ ಅದ ಏನು ತಂಗೀ ಎಂದು ಮೂರು ಸಲ ಕೇಳುತ್ತಾನೆ, ಹುಡುಗಿ ಮೂರು ಸಲ ತಲೆಯಲ್ಲಾಡಿಸಬೇಕು, ಆಮೇಲೆ ನಾಲಗೆಯ ಮೇಲೆ ವಿಭೂತಿ ಇಡುತ್ತಾನೆ, ಅದು ತಾನಾಗಿ ಕರಗಿ ಇಳಿದರೆ ಮಾತು ಕಟ್ಟಿತು, ಅಷ್ಟೇ ವ್ರತ, ಒಂದು ಚಿಟಿಕೆ ಬೂದಿ, ಆಗಲೇ ಮೂರನೆಯ ಸಲ ಕೇಳಿಯಾಗಿದೆ, ತಡವಾಯಿತೇ, ಅವಳು ನಾಲಗೆ ಚಾಚಿದ್ದಾಳೆ, ಇಟ್ಟ, ಬಾಯಿ ಮುಚ್ಚಿದಳು — ಅಡಿವೆವ್ವಾ! ನನ್ನ ದನಿಯೇ, ಹೊಟ್ಟೆಯಿಂದ, ಬೀದಿಯ ಕೊನೆಯ ಮನೆಗೆ ಕೇಳುವಂತೆ, ಚಪ್ಪರದ ಮೇಲಿನ ಹಕ್ಕಿಗಳೆಲ್ಲ ಎದ್ದವು, ಪರಮೇಶ್ವರಪ್ಪ ಧಡಕ್ಕನೆ ನಿಂತ, ಅಕ್ಕಾ, ನೀ ಇಲ್ಲಿ ಯಾಕ ಬಂದಿ, ಬಿಟ್ಟು ಹೋದಾಕಿಗೆ ಇಲ್ಲೇನದ ಕೆಲಸ ಎಂದ, ಅಜ್ಜ ಅವನನ್ನು ಕೈಯಿಂದ ಕೂಡಿಸಿ ನಗುತ್ತಲೇ ನನಗೆ, ಪಾರ್ವತವ್ವ, ನಿನ್ನ ಮನಸಿನಾಗ ಇನ್ನೂ ಕಿಚ್ಚು ಅದ, ಕುಂದರು, ಪ್ರಸಾದ ತಗೋ, ಶಾಂತ ಆಗು ಎಂದ, ನಾನು ಕೂಡ್ರಲಿಲ್ಲ, ಶಾಂತ ಆಗಾಕ ಬಂದಿಲ್ಲ ಅಜ್ಜಾ, ಹೇಳಾಕ ಬಂದೀನಿ, ದ್ಯಾವಮ್ಮ ವ್ರತಕ್ಕ ಸಾಯಲಿಲ್ಲ, ನಾ ಕೂಗಲಿಲ್ಲ, ಅದಕ್ಕ ಸತ್ತಳು, ಅಂಬಿಗರು ಇದ್ದರು, ಹರಿಗೋಲ ಇತ್ತು, ನಾ ನಿಂತು ಚಪ್ಪಾಳಿ ತಟ್ಟಿದೆ ಎಂದೆ, ಐದು ವರ್ಷ ರಹಿಮತ್ಬಿಗೂ ಹೇಳದ ಮಾತು, ಅಷ್ಟು ಜನರೆದುರು, ದನಿ ನಡುಗಲಿಲ್ಲ, ಹಿಂದೆ ಗಂಡಸರ ಸಾಲಿನಲ್ಲಿ ಒಬ್ಬ ಅಂಬಿಗ ಎದ್ದು ನಿಂತ, ಮುದುಕನಾಗಿದ್ದಾನೆ, ನಾವು ಅಲ್ಲೇ ಇದ್ವಿ, ಒಂದು ಕೂಗು ಕೇಳಿದ್ದರ ಹಾರತಿದ್ವಿ ಎಂದು ನೆಲ ನೋಡಿಕೊಂಡು ಹೇಳಿ ಕೂತ, ನಾನು ಹುಡುಗಿಯ ಕಡೆ ತಿರುಗಿದೆ, ಜೋಡಿಸಿಕೊಂಡ ಬುದ್ಧಿವಾದ ಒಂದೂ ನೆನಪಿಗೆ ಬರಲಿಲ್ಲ, ಒಂದೇ ಕೇಳಿದೆ, ಅಡಿವೆವ್ವಾ, ಈ ಹರಕಿ ನಿಂದೋ ನಿಮ್ಮಪ್ಪಂದೋ, ನಿಂದಾದರ ನಾ ಈಗಿಂದೀಗ ಹೋಗತೀನಿ, ಬೂದಿ ಕರಗೂದರಾಗ ಹೇಳು, ಶಾರದಿ ಅಲ್ಲೇ ಗಂಡನ ಹಿಂದೆ ಕೂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಆ ಸೆರಗು ತೆಗೆದಳು, ಹೇಳವ್ವಾ ಎಂದಳು, ನಾನು ಕೇಳಿದ ಅವಳ ಮೊದಲ ಗಟ್ಟಿ ಮಾತು, ಹೇಳ ನನ್ನ ಮಗಳ ಎಂದಳು, ಪರಮೇಶ್ವರಪ್ಪ ಅವಳ ರಟ್ಟೆ ಹಿಡಿದ, ಬಿಡಿಸಿಕೊಂಡಳು, ಅಡಿವೆವ್ವ ಅಪ್ಪನ ಮುಖ ನೋಡಿದಳು, ಬಹಳ ಹೊತ್ತು, ಸಿಟ್ಟಿನಿಂದಲ್ಲ, ಜ್ವರದಲ್ಲಿ ಅವನ ಹಣೆಗೆ ಒದ್ದೆ ಬಟ್ಟೆ ಇಟ್ಟವಳು ಅವಳೇ, ಕಣ್ಣು ತುಂಬಿ ಹರಿಯಿತು, ಆಮೇಲೆ ಮಣೆಯ ಪಕ್ಕಕ್ಕೆ ಬಾಗಿ ಥೂ ಎಂದು ಉಗುಳಿದಳು, ಜನ ಹೋ ಎಂದರು, ಅವಳು ತಲೆಯೆತ್ತಿ ಬಾಯಿ ತೆರೆದು, ನಂದಲ್ಲ, ಅಪ್ಪಾ, ನಂದಲ್ಲ — ಈಗ ಮೂವರೂ ಮೋಟಾರಿನ ಕಡೆ ನಡೆಯುತ್ತಿದ್ದೇವೆ, ಶಾರದಿ ಗಂಡನ ಮನೆಯ ಕಡೆ ತಿರುಗಲಿಲ್ಲ, ಇವತ್ತಿಗೆ ನಿನ್ನ ಮನಿಗೇ ಬರತೀನಿ ಅಕ್ಕಾ, ನಾಳಿಂದು ನಾಳಿಗೆ ನೋಡೂಣು ಎಂದಳು, ಹಿಂದಿನಿಂದ ಯಾರೋ ಬೈಯುತ್ತಿದ್ದಾರೆ, ಬೈಯಲಿ, ಅಜ್ಜ ಏನೋ ಬೋಧಿಸುತ್ತಿದ್ದಾನೆ, ಬೋಧಿಸಲಿ, ನಾಳೆ ಪರಮೇಶ್ವರಪ್ಪ ಬಂದಾನು, ಹಿರಿಯರನ್ನು ಕರೆತಂದಾನು, ಬರಲಿ, ನನಗೆ ಮಾತಿದೆ, ಎಷ್ಟೊಂದು ಹೇಳುವುದಿದೆ ಹುಡುಗಿಗೆ, ಕೂಗುವುದು ಹೇಗೆ, ಬುಟ್ಟಿ ಹೊರುವುದು ಹೇಗೆ, ಅಪ್ಪನನ್ನು ದ್ವೇಷಿಸದೆ ಇರುವುದು ಹೇಗೆ, ಅದು ನನಗೂ ಗೊತ್ತಿಲ್ಲ, ಹೇಳಲು ಬಾಯಿ ತೆರೆಯುತ್ತೇನೆ, ಆದರೆ ಮನಸ್ಸು ಮುಂದಕ್ಕೆ ಹೋಗುತ್ತಿಲ್ಲ, ಕಣ್ಣೆದುರೇ ನಿಂತಿದೆ, ಆ ಕೆಂಪು ನಾಲಗೆ, ಮೇಲೆ ಬಿಳಿ ಬೂದಿಯ ಗೆರೆ, ಬೂದಿಯೊಳಗಿಂದ ಅಲುಗಿದ ನಾಲಗೆ, ನಂದಲ್ಲ ಎಂದಾಗ ಅಂಗುಳಕ್ಕೆ ತಾಗಿ ಬಿಟ್ಟ ಆ ನಾಲಗೆ, ಕೆಂಪು, ಬಿಳಿ, ಅಲುಗುತ್ತಿರುವ ನಾಲಗೆ, ನಾಲಗೆ