ಹಾಡಿನ ಪ್ಲೇಟಿನ ಕುಂಕುಮ

ನಮ್ಮವ್ವನದು ಒಂದೂ ಫೋಟೋ ಇಲ್ಲ. ಇರುವುದು ಒಂದು ಹಾಡಿನ ಪ್ಲೇಟು, ಗ್ರಾಮಫೋನಿಗೆ ಹಾಕುವಂಥದ್ದು. ಕರ್ರಗೆ, ಗುಂಡಗೆ, ಊಟದ ತಟ್ಟೆಗಿಂತ ಚಿಕ್ಕದು. ಬೇರೆಯವರ ಮನೆಯಲ್ಲಿ ಸತ್ತವರ ಫೋಟೋ ತೂಗುಹಾಕುವ ಜಾಗದಲ್ಲಿ, ಯಲ್ಲದಕೆರೆಯ ನಮ್ಮ ಮನೆಯಲ್ಲಿ ಅಪ್ಪ ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದ. ನಡುವೆ ಹೇಗೂ ತೂತಿತ್ತಲ್ಲ, ಕಟ್ಟು ಹಾಕಿಸುವ ಖರ್ಚು ಉಳಿಯಿತು ಎಂದು ನಮ್ಮ ದೊಡ್ಡಮ್ಮ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಅವ್ವನ ಹೆಸರು ಉಚ್ಚಂಗಮ್ಮ. ಬೀಸುವ ಪದ, ಕುರಿ ಕಾಯುವ ಪದ ಹಾಡುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ನಾನಿನ್ನೂ ಮೊಲೆ ಕುಡಿಯುವ ಕೂಸಾಗಿದ್ದಾಗ ಮದರಾಸಿನ ಕಂಪನಿಯವರು ಹಿರಿಯೂರಿನ ಸರ್ಕಾರಿ ಬಂಗಲೆಗೆ ಬಂದು, ಹಾಡುವವರನ್ನೆಲ್ಲ ಕರೆಸಿ, ಮೈಕಿನ ಮುಂದೆ ಕೂರಿಸಿ ಹಾಡಿಸಿಕೊಂಡು ಹೋದರಂತೆ. ಕೆಲವು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಪ್ಲೇಟು ಬಂತು. ಹಿರಿಯೂರಿನ ಮೈಕ್ ಸೆಟ್ ಓಬಣ್ಣನ ಅಂಗಡಿಯಲ್ಲಿ ಅಪ್ಪ, ಅವ್ವ ಇಬ್ಬರೂ ಅದನ್ನು ಒಮ್ಮೆ ಹಾಕಿಸಿ ಕೇಳಿದರು. ಮಾರನೇ ವರ್ಷ ಅವ್ವ ಜ್ವರ ಬಂದು ತೀರಿಕೊಂಡಳು. ಅವಳ ದನಿ ಹೇಗಿತ್ತು ಎಂದು ನನಗೆ ನೆನಪಿಲ್ಲ. ಇರುವುದಾದರೂ ಹೇಗೆ?

ಅಲ್ಲಿಂದ ಆ ಪ್ಲೇಟೇ ಅವ್ವ ಆಯಿತು. ಅಮಾವಾಸ್ಯೆ ಬಂದರೆ ಅಪ್ಪ ಅದಕ್ಕೆ ಎಣ್ಣೆ ಸವರುವನು, ಭಂಡಾರ ಹಚ್ಚುವನು, ಸಾಂಬ್ರಾಣಿ ಹಾಕುವನು. ಮೇಲ್ಗಡೆ ಅಂಚಿನ ಹತ್ತಿರ, ಅದು ಹಣೆ ಅಂತ ಅವನ ಲೆಕ್ಕ, ದೊಡ್ಡದಾಗಿ ಕುಂಕುಮ ಇಡುವನು. ಎಣ್ಣೆಯ ಜೊತೆ ಕುಂಕುಮ ಇಳಿದು, ಹರಡಿ, ಧೂಳು ಕೂತು, ಪ್ಲೇಟಿನ ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ನಾನು ಅದನ್ನು ನೋಡಿದಾಗಲೆಲ್ಲ ಅವ್ವನ ಬಾಯಿಗೆ ಮೆತ್ತಿದ್ದಾರೆ ಅನ್ನಿಸುತ್ತಿತ್ತು.

ನಾನು ಬೆಳೆದದ್ದು ಹಿರಿಯೂರಿನಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಅಪ್ಪ ಪಾಲಯ್ಯ ಕುರಿ ಹಿಂಡಿನ ಹಿಂದೆ ಅಲೆಯುವವನು. ಸಂತೆಗೆ ಬಂದಾಗ ಬಾಗಿಲಲ್ಲಿ ನಿಂತು, "ತಿಪ್ಪಿ ಹೆಂಗೈತೆ?" ಎಂದು ದೊಡ್ಡಮ್ಮನನ್ನು ಕೇಳಿ ಹೋಗುವನು. ತಿಪ್ಪಿ ಎಂದರೆ ನಾನೇ. ಅಲ್ಲೇ ನಿಂತಿರುತ್ತಿದ್ದೆ, ನನ್ನನ್ನು ಕೇಳುತ್ತಿರಲಿಲ್ಲ. ಈದ ಕುರಿಯ ಮರಿಯನ್ನು ಕಂಬಳಿಯ ಮಡಿಕೆಯೊಳಗೆ ಇಟ್ಟುಕೊಂಡು ಮೈಲಿಗಟ್ಟಲೆ ನಡೆಯುವ ಮನುಷ್ಯ. ಆದರೆ ನನ್ನನ್ನು ಒಂದು ಸಲವಾದರೂ ಎತ್ತಿಕೊಂಡ ನೆನಪು ನನಗಿಲ್ಲ. ಈ ಸಿಟ್ಟು ನನ್ನ ಜೊತೆಗೇ ಬೆಳೆದು, ಮದುವೆಯಾಗಿ ಬಂದಾಗಲೂ ಜೊತೆಗೇ ಬಂತು.

ನಮ್ಮ ಯಜಮಾನರು ಮಾರಣ್ಣ, ಹಿರಿಯೂರಿನ ಬಸ್ ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿ ಅಂಗಡಿ ಇಟ್ಟವರು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವರಿಗೆ ಕೆಲಸ ಕಲಿಸಿದ ಚಿತ್ರದುರ್ಗದ ಶಿವಯ್ಯ ಮೇಷ್ಟ್ರು ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ತಮ್ಮ ಹತ್ತಿರವಿದ್ದ ಒಂದು ಮಿಷನ್ನನ್ನು ಇವರಿಗೆ ಕೊಟ್ಟರು. ಊಟದ ಡಬ್ಬಿಯಷ್ಟು ಸ್ಟೀಲಿನ ತೊಟ್ಟಿ, ಕೆಳಗೆ ಕರೆಂಟಿನ ಪೆಟ್ಟಿಗೆ. ತೊಟ್ಟಿಗೆ ನೀರು ಹಾಕಿ ವಾಚಿನ ಚಕ್ರ ಮುಳುಗಿಸಿ ಸ್ವಿಚ್ ಒತ್ತಿದರೆ, ಬ್ರಷ್ಷು ಹೋಗದ ಸಂದಿಯಿಂದಲೂ ಕೊಳೆ ಹೊಗೆಯ ಹಾಗೆ ಎದ್ದು ಬರುತ್ತಿತ್ತು. ನೀರನ್ನು ನಡುಗಿಸುವುದು ಒಂದು ಶಬ್ದವಂತೆ. ಮನುಷ್ಯರ ಕಿವಿಗೆ ಬೀಳುವುದಿಲ್ಲವಂತೆ. ನಾಯಿಗಳ ಕಿವಿಗೆ ಬೀಳುತ್ತದೆ ಎಂಬುದಕ್ಕೆ ನಮ್ಮ ಬೀದಿಯೇ ಸಾಕ್ಷಿ. ಸ್ವಿಚ್ ಒತ್ತಿದ ಕೂಡಲೇ ಬಾಗಿಲ ಮುಂದೆ ಮಲಗಿದ್ದವೆಲ್ಲ ಎದ್ದು ಓಡುತ್ತಿದ್ದವು. ಇವರು ಅದನ್ನು ಅಲ್ಟ್ರಾಸೋನಿಕ್ ಎನ್ನುತ್ತಿದ್ದರು, ನಾನು ನಾಯಿ ಮಿಷನ್ನು ಎನ್ನುತ್ತಿದ್ದೆ. ಅಂಗಡಿಯಲ್ಲಿ ಜಾಗವಿಲ್ಲದೆ ಅದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ನನ್ನ ಹಿಟ್ಟಿನ ಡಬ್ಬದ ಪಕ್ಕ ಕೂತಿತು.

ಒಂದು ದಿನ ಕಪ್ಪಾಗಿದ್ದ ಚಕ್ರವೊಂದು ಚಿನ್ನದ ಹಾಗೆ ಹೊಳೆಯುತ್ತ ಹೊರಬಂದದ್ದನ್ನು ನೋಡಿ ನನಗೆ ಥಟ್ಟನೆ ಹೊಳೆಯಿತು.

"ರೀ, ಇದರಾಗೆ ಅವ್ವನ ಪ್ಲೇಟು ತೊಳೀಬೋದಾ?"

ಅವರು ಕಣ್ಣಿಗೆ ಸಿಕ್ಕಿಸಿದ್ದ ಗಾಜು ತೆಗೆದು ನನ್ನನ್ನು ನೋಡಿದರು. "ತೊಳೀಬೋದು. ನಿಮ್ಮಪ್ಪ ಕೊಡಬೇಕಲ್ಲ."

ಹಿರಿಯರ ಹಬ್ಬಕ್ಕೆ ಯಲ್ಲದಕೆರೆಗೆ ಹೋದೆ. ಪ್ಲೇಟಿನ ಮುಂದೆ ಎಡೆ ಇಟ್ಟು, ಕೈ ಮುಗಿದು, ಎಲ್ಲರೂ ಉಂಡ ಮೇಲೆ ಮಾತು ತೆಗೆದೆ. ಅಪ್ಪನಿಗೆ ಎರಡೆರಡು ಸಲ ಹೇಳಬೇಕಾಯಿತು. ಬೇಕೆಂದೇ ಕೇಳಿಸದವನ ಹಾಗೆ ಆಡುತ್ತಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಅವನು ಗೋಡೆ ಕಡೆ ನೋಡಿ ಹೇಳಿದ.

"ಮುತ್ತೈದೆಯಾಗಿ ಹೋದೋಳು ಅವಳು. ಗಂಡ ಬದುಕಿರೋವಾಗ ಹೆಂಡ್ತಿ ಕುಂಕುಮ ಅಳಿಸ್ತಾರೇನು? ನಾನು ಸತ್ತ ಮ್ಯಾಲೆ ಏನಾರ ಮಾಡ್ಕ್ಯ."

"ನೀನು ಅವಳ ದನಿ ಕೇಳಿದೀಯ. ನಾನು ಕೇಳಿಲ್ಲ. ಕುಂಕುಮ ನಿನಗೆ, ನನಗೇನು?"

ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಹಟ್ಟಿಯ ಕಡೆ ಹೋದ. ಅಪ್ಪ ಸಾಯಲಿ ಎಂದು ಯಾವ ಮಗಳು ಕಾಯುತ್ತಾಳೆ? ಹಾಗೆ ಕಾಯುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಹೋದನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಅಷ್ಟರಲ್ಲಿ ಇವರು ಸುಮ್ಮನಿರದೆ ಓಬಣ್ಣನ ಹತ್ತಿರ ಒಂದು ಹಳೇ ಸಿನಿಮಾ ಹಾಡಿನ ಪ್ಲೇಟು ತಂದು ಪರೀಕ್ಷೆ ಮಾಡಿದ್ದರು. ತೊಟ್ಟಿ ಚಿಕ್ಕದಾದ್ದರಿಂದ ಪ್ಲೇಟಿನ ನಡುವಿನ ತೂತಿಗೆ ಸೈಕಲ್ ಕಡ್ಡಿ ತೂರಿಸಿ, ಅಂಚು ಮಾತ್ರ ನೀರಿನಲ್ಲಿ ಮುಳುಗುವ ಹಾಗೆ ಇಟ್ಟು ಮೆಲ್ಲಗೆ ತಿರುಗಿಸಬೇಕು. ಹಾಗೆ ಮಾಡಿದರೆ ನಡುವಿನ ಕಾಗದ ನೆನೆಯುವುದಿಲ್ಲ. ಯೋಚನೆ ಚೆನ್ನಾಗಿತ್ತು. ಬೇಗ ಬಿಡಲಿ ಎಂದು ಕುದಿವ ನೀರು ಹಾಕಿದ್ದೇ ತಪ್ಪು. ಪ್ಲೇಟು ಕರಿದ ಹಪ್ಪಳದ ಹಾಗೆ ಸೊಟ್ಟಗಾಯಿತು. ಓಬಣ್ಣ ಅದನ್ನು ತಲೆಯ ಮೇಲಿಟ್ಟುಕೊಂಡು, "ಟೋಪಿಗೆ ಆತು ಬಿಡು ಮಾರಣ್ಣ" ಎಂದು ನಕ್ಕ. ಆ ಜಾಗದಲ್ಲಿ ಅವ್ವನ ಪ್ಲೇಟು ಇದ್ದಿದ್ದರೆ? ಅಪ್ಪ ಕೊಡದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಪ್ಪ ನಿಂತಿದ್ದ. ಕಂಬಳಿಯ ಮಡಿಕೆಯಲ್ಲಿ ಏನೋ ಇತ್ತು. ಮರಿ ಇರಬೇಕು ಎಂದುಕೊಂಡೆ. ಪ್ಲೇಟು.

"ಬರ್ರಿ ಮಾವ, ಕುಂತ್ಕಳ್ರಿ" ಎಂದು ಇವರು ಕರೆದರು. ಅಪ್ಪ ಅಲುಗಲಿಲ್ಲ. ಇವರು ಹತ್ತಿರ ಹೋಗಿ ತೋಳು ಮುಟ್ಟಿದ ಮೇಲೆ ಒಳಗೆ ಬಂದು ಕೂತ.

"ಮರಿಯೊಂದು ಜಾಲಿ ಮುಳ್ಳಿನಾಗೆ ಸಿಕ್ಕಂಡಿತ್ತು. ನಾನು ಅದರ ಎದುರಿಗೇ ನಿಂತಿವ್ನಿ. ಬಾಯಿ ತೆಗೀತೈತೆ, ದನಿ ಬರಾಂಗಿಲ್ಲ. ಪಾಪ, ಮರಿಗೆ ದನಿ ಹೋಗೈತೆ ಅಂದ್ಕಂಡೆ." ಪ್ಲೇಟನ್ನು ಪಕ್ಕದಲ್ಲಿಟ್ಟ. "ಹೋಗಿರೋದು ನನ್ನ ಕಿವಿ ಕಣವ್ವ. ಬಲಗಡೇದು ಆಗ್ಲೇ ಮುಚ್ಚೈತೆ. ಎಡಗಡೇದು ಕೂಗಿದ್ರೆ ಒಂದೀಟು ಕೇಳ್ತೈತೆ. ಅದೂ ಮುಚ್ಚೋದ್ರೊಳಗೆ ಒಂದ್ಸಲ ಅವಳನ್ನ ಕೇಳಬೇಕು."

ಹಬ್ಬದ ದಿನ ಬೇಕೆಂದೇ ಕೇಳಿಸದವನ ಹಾಗೆ ಆಡುತ್ತಾನೆ ಎಂದು ಬೈದುಕೊಂಡಿದ್ದೆನಲ್ಲ, ಅದು ನೆನಪಾಯಿತು. ಎಡಗಿವಿಯ ಹತ್ತಿರ ಬಾಯಿಟ್ಟು, "ಮತ್ತೆ ಕುಂಕುಮ?" ಎಂದು ಕೂಗಿದೆ.

"ನಾನೇ ಅಳಿಸ್ತೀನಿ. ಬ್ಯಾರೆಯೋರು ಮುಟ್ಟಬ್ಯಾಡ್ರಿ."

ಇವರು ಸೊಟ್ಟ ಪ್ಲೇಟನ್ನು ತಂದು ಅಪ್ಪನ ಮುಂದಿಟ್ಟರು. ಮುಚ್ಚಿಡುವುದು ಅವರಿಗೆ ಗೊತ್ತಿಲ್ಲ. "ಹಿಂಗೂ ಆಗಬೋದು ಮಾವ" ಎಂದು ಕೂಗಿ ಹೇಳಿದರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕೆಳಗಿಟ್ಟು, ತನ್ನ ಪ್ಲೇಟನ್ನು ಮುಂದೆ ನೂಕಿದ.

ಈ ಸಲ ಬಿಸಿ ನೀರಿನ ಮಾತೇ ಇಲ್ಲ. ನಾನು ಅಂಟುವಾಳದ ಕಾಯಿ ಜಜ್ಜಿ ನೆನೆಸಿ, ನೊರೆ ನೀರನ್ನು ಬಟ್ಟೆಯಲ್ಲಿ ಸೋಸಿ ತಣ್ಣಗಿಟ್ಟೆ. ತೊಟ್ಟಿ ಕಾವೇರಿದರೆ ನಿಲ್ಲಿಸಿ, ನೀರು ಬದಲಿಸಿ, ಮತ್ತೆ ಹಚ್ಚುವುದು ಎಂದು ಇವರು ಹೇಳಿದರು. ಸ್ವಿಚ್ ಒತ್ತಿದರು. ಹೊರಗೆ ನಾಯಿಗಳು ಎದ್ದು ಓಡಿದವು. ಅಪ್ಪ ತೊಟ್ಟಿಯಲ್ಲಿ ಬೆರಳದ್ದಿ ನೋಡಿ, "ಜುಂ ಅಂತೈತೆ" ಎಂದ. ನಾಯಿಗಳಿಗೆ ಮಾತ್ರ ಕೇಳುವ ಶಬ್ದ ಅದು ಎಂದು ಕಿವಿಯಲ್ಲಿ ಕೂಗಿದೆ. "ನನಗೆ ಈಗ ಲೋಕವೆಲ್ಲ ಹಂಗೇ ಬಿಡು" ಎಂದ.

ಸೈಕಲ್ ಕಡ್ಡಿ ಹಿಡಿದು ಅವನೇ ತಿರುಗಿಸಿದ. ಮೊದಲು ಎಣ್ಣೆ ಜಿಡ್ಡು ತೇಲಿತು, ಆಮೇಲೆ ಭಂಡಾರದ ಹಳದಿ. ಕುಂಕುಮದ ಜಾಗ ನೀರಿಗೆ ಇಳಿಯುತ್ತಲೂ ತೊಟ್ಟಿಯೆಲ್ಲ ಕೆಂಪಾಯಿತು. ಅಪ್ಪನ ಕೈ ನಿಂತುಬಿಟ್ಟಿತು.

"ಬ್ಯಾಡ, ನಿಲ್ಲಿಸ್ರಿ. ತಪ್ಪು ಮಾಡ್ತಾ ಇವ್ನಿ."

ಇವರು ಸ್ವಿಚ್ಚಿಗೆ ಕೈ ಹಾಕಿದರು. ನಾನು ಅವರ ಕೈಯನ್ನು ತಳ್ಳಿದೆ. "ಅರ್ಧ ಅಳಿಸಿದ ಕುಂಕುಮ ಇಟ್ಕಂಡು ಏನ್ ಮಾಡ್ತೀಯಪ್ಪ? ಮೊಳೆಗೆ ಹಾಕ್ತೀಯಾ? ನಿನ್ನ ಕಿವಿ ಮುಚ್ಚಿದ ಮ್ಯಾಲೆ ನಾನೊಬ್ಬಳೇ ಕೂತು ಕೇಳಬೇಕಾ?" ಅಷ್ಟು ಗಟ್ಟಿಯಾಗಿ ಅಪ್ಪನ ಮುಂದೆ ನಾನು ಯಾವತ್ತೂ ಮಾತಾಡಿರಲಿಲ್ಲ. ಅವನಿಗೆ ಎಷ್ಟು ಕೇಳಿಸಿತೋ ಕಾಣೆ. ಕಣ್ಣು ಮುಚ್ಚಿಕೊಂಡು ಮತ್ತೆ ತಿರುಗಿಸತೊಡಗಿದ. ಕೆಂಪು ಹೋಗುವ ತನಕ ಕಣ್ಣು ಬಿಡಲಿಲ್ಲ. ಆ ನೀರನ್ನು ಬಚ್ಚಲಿಗೆ ಚೆಲ್ಲಲು ಬಿಡದೆ, ಚೊಂಬಿನಲ್ಲಿ ಹಿಡಿದು ಹಿತ್ತಲಿನ ತೆಂಗಿನ ಬುಡಕ್ಕೆ ತಾನೇ ಹುಯ್ದು ಬಂದ.

ನೆರಳಿನಲ್ಲಿ ಒಣಗಿಸಿದ ಪ್ಲೇಟು ಹೊಸದರ ಹಾಗೆ ಕಪ್ಪಗೆ ಹೊಳೆಯಿತು. ಗೆರೆಗಳು ಒಂದೊಂದೂ ಕಂಡವು. ಮಧ್ಯಾಹ್ನ ಓಬಣ್ಣ ಪ್ಲೇಟು ಹಾಕುವ ಪೆಟ್ಟಿಗೆಯನ್ನೂ ದೊಡ್ಡ ಸ್ಪೀಕರನ್ನೂ ತಂದು ನಡುಮನೆಯಲ್ಲಿ ಜೋಡಿಸಿದ. ಅಪ್ಪನನ್ನು ಸ್ಪೀಕರಿಗೆ ಎಡಗಿವಿ ಆನಿಸಿ ಕೂರಿಸಿದೆವು. ಸೌಂಡು ಎಷ್ಟು ಹೋಗುತ್ತದೋ ಅಷ್ಟೂ ಇಡು ಎಂದೆ. ಓಬಣ್ಣ ಮುಳ್ಳನ್ನು ಅಂಚಿಗೆ ಇಳಿಸಿದ.

ಚಟಪಟ ಎಂದು ಸ್ವಲ್ಪ ಸದ್ದು. ಆಮೇಲೆ ಒಂದು ಕೂಸು ಅಳುವುದು ಕೇಳಿಸಿತು. ಪಕ್ಕದ ಮನೆಯದು ಎಂದುಕೊಂಡು ಬಾಗಿಲ ಕಡೆ ತಿರುಗಿದೆ. ಅಳು ಬರುತ್ತಿದ್ದದ್ದು ಪ್ಲೇಟಿನಿಂದ. ಹಾಡು ಶುರುವಾಗುವುದಕ್ಕೆ ಮುಂಚೆಯೇ ಮದರಾಸಿನವರು ಮಿಷನ್ನು ಹಚ್ಚಿಬಿಟ್ಟಿದ್ದರು, ಆಮೇಲೆ ತೆಗೆಯುವ ಗೋಜಿಗೂ ಹೋಗಿರಲಿಲ್ಲ. ಸರಿಯಾಗಿ ಕುಂಕುಮ ಕೂತಿದ್ದ ಜಾಗದಲ್ಲಿ, ಹಾಡಿನದಲ್ಲದ, ಮನೆಯಲ್ಲಿ ಮಾತಾಡುವ ದನಿಯಲ್ಲಿ, ಒಬ್ಬಳು ಹೆಂಗಸು ಹೇಳಿದಳು.

"ಇಗಾ, ಮಗ ಅಳ್ತೈತೆ. ಎತ್ಕಳ್ರಿ."

ಕೂಸು ಅಳುತ್ತಲೇ ಇತ್ತು. ಅಳುವಿನ ಮೇಲೆಯೇ ಪದ ಎದ್ದಿತು. ಸ್ವಲ್ಪ ಒಡಕು ದನಿ, ಆದರೆ ಎಷ್ಟು ಎತ್ತರ, ಎಷ್ಟು ಸಲೀಸು! ಬಾಗಿಲಲ್ಲಿ ಬೀದಿಯ ಜನ ಬಂದು ನಿಂತರು. ಆ ದನಿ ನಮ್ಮವ್ವನದು, ಆ ಕೂಸು ನಾನು. ನಮ್ಮ ಕಡೆ ಹೆಣ್ಣು ಕೂಸಿಗೂ ಮಗ ಎಂದೇ ಹೇಳುವುದು.

ಅಪ್ಪ ಸ್ಪೀಕರಿಗೆ ಕಿವಿ ಒತ್ತಿಕೊಂಡೇ ನಮ್ಮನ್ನು ನೋಡಿದ.

"ಹಚ್ಚಿದ್ರಾ?" ಎಂದ.

ಓಬಣ್ಣ ಗುಂಡಿಯನ್ನು ಇನ್ನೂ ತಿರುಗಿಸಲು ನೋಡಿದ, ಅದು ಕೊನೆ ಮುಟ್ಟಿತ್ತು. ಕುಂಕುಮವನ್ನೂ ಅಳಿಸುವಂತೆ ಮಾಡಿದೆ, ದನಿಯನ್ನೂ ಮುಟ್ಟಿಸಲಾಗಲಿಲ್ಲ. ಅಪ್ಪ ನನ್ನ ಮುಖ ನೋಡಿದ. ನನ್ನ ಕಣ್ಣಿನಿಂದ ಇಳಿಯುತ್ತಿದ್ದುದನ್ನು ನೋಡಿದ. ಮೆಲ್ಲಗೆ ಸ್ಪೀಕರಿನಿಂದ ತಲೆ ಎತ್ತಿದ.

"ಬಂದಳಾ?"

ಹೌದೆಂದು ತಲೆಯಾಡಿಸಿದೆ.

"ಏನಂತಾಳೆ?"

ಅವನ ಎಡಗಿವಿಗೆ ಎರಡೂ ಕೈಗಳನ್ನು ಕೊಳವೆಯ ಹಾಗೆ ಹಿಡಿದು, ಬಾಯಿಟ್ಟು ಕೂಗಿದೆ. "ಮಗ ಅಳ್ತೈತೆ, ಎತ್ಕಳ್ರಿ ಅಂತಾಳೆ." ಅವನಿಗೆ ತಿಳಿಯಲಿಲ್ಲ. ಬೀದಿಗೆಲ್ಲ ಕೇಳಿಸುವ ಹಾಗೆ, ಗಂಟಲು ಹರಿಯುವ ಹಾಗೆ, ಇನ್ನೊಮ್ಮೆ ಕೂಗಿದೆ. "ಎತ್ಕಳ್ರಿ ಅಂತಾಳೆ ಕಣಪ್ಪ! ನನ್ನ!"

ಈ ಸಲ ಮುಟ್ಟಿತು.

"ಅವತ್ತು ಎತ್ಕಳ್ಳಿಲ್ಲ ಕಣವ್ವ" ಎಂದ. "ಬಂಗ್ಲೆ ತುಂಬ ಗಂಡಸರು. ನಾಚ್ಕೆ ಆತು. ನೀನು ಅಳ್ತಾನೇ ಇದ್ದೆ, ಅವಳು ಹಾಡ್ತಾನೇ ಇದ್ದಳು."

ಅವನು ಹೆಗಲ ಮೇಲಿನ ಕಂಬಳಿ ಬಿಚ್ಚಿ, ಮರಿಯನ್ನು ಇಟ್ಟುಕೊಳ್ಳುವ ಆ ಮಡಿಕೆಯನ್ನು ಅಗಲ ಮಾಡಿ, ನನ್ನ ತಲೆಯನ್ನೂ ಬೆನ್ನನ್ನೂ ಸೇರಿಸಿ ಅದರೊಳಗೆ ಎಳೆದುಕೊಂಡ. ಕುರಿಯ ವಾಸನೆ, ಬೆವರಿನ ವಾಸನೆ, ಒಳಗೆಲ್ಲ ಕತ್ತಲೆ. ಓಬಣ್ಣ ಮುಳ್ಳು ಎತ್ತಲು ಕೈ ಚಾಚಿದನಂತೆ. ಹಾಡು ಮುಗಿಯಲಿ ಬಿಡು ಎಂದು ನಮ್ಮವರು ಹೇಳಿದರಂತೆ.