ಎರಡು ಸೆಕೆಂಡಿನ ದನಿ

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಖಾಜಾಸಾಬ್ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಸುತ್ತಲ ಹಳ್ಳಿಗಳ ಕೆಟ್ಟ ರೇಡಿಯೋಗಳೆಲ್ಲ ಅವನ ಮೇಜಿನ ಮೇಲೆ ಕೂತು, ಕೆಮ್ಮಿ, ಗುಣವಾಗಿ, ಹಾಡುತ್ತ ಮನೆಗೆ ಹೋಗುತ್ತಿದ್ದವು. ಅಂಥವನ ಗಂಟಲಿಗೇ ರೋಗ ಬರಬೇಕೇ! ಹುಬ್ಬಳ್ಳಿಯ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಎಂದರು. ಹದಿಮೂರು ದಿನ ಬಿಟ್ಟು ಬಂದು ಸೇರಲು ಹೇಳಿದರು.

ಮಾತು ಹೋದರೇನು, ಬರೆದು ತೋರಿಸಬಹುದಲ್ಲ ಎಂದು ಸಮಾಧಾನವನ್ನೂ ಹೇಳಿದರು. ಯಾರಿಗೆ ತೋರಿಸುವುದು? ಹೆಂಡತಿ ದಾವಲ್ ಬೀ ಕೌದಿ ಹೊಲಿದರೆ ಊರೇ ನಿಂತು ನೋಡಬೇಕು, ಆದರೆ ಅಕ್ಷರ ಬಾರದು. ಮಕ್ಕಳಿರಲಿಲ್ಲ. ಇಪ್ಪತ್ತಾರು ವರ್ಷ ಇಬ್ಬರೇ ಜಗಳವಾಡಿ, ನಕ್ಕು, ಮತ್ತೆ ಜಗಳವಾಡಿ, ಬರೀ ಮಾತಿನಲ್ಲೇ ಸಂಸಾರ ಮಾಡಿದ್ದರು. ಇನ್ನು ಅವಳೆದುರು ಮೂಕನಾಗಿ ಕೂರುವುದನ್ನು ನೆನೆದರೆ ಖಾಜಾಸಾಬನಿಗೆ ಆಪರೇಷನ್ನಿಗಿಂತ ಹೆಚ್ಚು ಭಯವಾಗುತ್ತಿತ್ತು.

ಅವನ ಹತ್ತಿರ ಒಂದು ಕಂಪ್ಯೂಟರ್ ಇತ್ತು. ನಗಬೇಡಿ, ೧೯೮೬ರಲ್ಲಿ, ಕೊಟ್ಟೂರಿನಲ್ಲಿ, ಇತ್ತು! ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿಕೊಂಡು, ಬೆಂಗಳೂರಿನಿಂದ ಅಂಚೆಯಲ್ಲಿ ಬಿಡಿಭಾಗ ತರಿಸಿ, ಎರಡು ವರ್ಷ ಬೆಸುಗೆ ಹಾಕಿ ಬಿಸ್ಕತ್ತಿನ ಡಬ್ಬಿಯೊಳಗೆ ಕೂಡಿಸಿದ್ದ. ದಾವಲ್ ಬೀ ಅದಕ್ಕೆ ‘ನನ್ನ ಸವತಿ’ ಎನ್ನುತ್ತಿದ್ದಳು. ಈಗ ಆ ಸವತಿಯ ಹೊಟ್ಟೆಯಲ್ಲೇ ತನ್ನ ದನಿ ಇಟ್ಟುಹೋಗುತ್ತೇನೆಂದು ಖಾಜಾಸಾಬ್ ಹಟ ಹಿಡಿದ.

“ಟೇಪಿನ್ಯಾಗ ಹಿಡಿದಿಡ್ರಿ ಮತ್ತ,” ಎಂದಳು ದಾವಲ್ ಬೀ.

“ಟೇಪಾ? ದಿನಾ ಬೆಳಗಾದ್ರ ಟೇಪ್ ರಿಕಾರ್ಡರು ಮಂದಿ ಕ್ಯಾಸೆಟ್ ನುಂಗಿ ಕುಂತಿರ್ತಾವು, ನಾನಾ ಅವುಗಳ ಹೊಟ್ಟಿ ಬಿಚ್ಚಿ ತಗೀತೀನಿ. ಅದರ ಬಾಯಾಗ ನನ್ನ ದನಿ ಇಡ್ಲಾ? ನೀರು ಅನ್ನೋ ಮಾತು ಹುಡುಕಾದ್ರಾಗ ನೀರಡಿಕಿ ಹೋಗಿರತೈತಿ. ಇದಾದ್ರ ಗುಂಡಿ ಒತ್ತಿದ ಕೂಡ್ಲೆ ಮಾತಾಡತೈತಿ.”

ಯಾವ ಚಿಪ್ಪು ಹಾಕುವುದೆಂದು ಅವನು ಎರಡು ದಿನ ತಲೆ ಕೆಡಿಸಿಕೊಂಡ. ಸಾದಾ ಮೆಮೊರಿ ಚಿಪ್ಪು ಕರೆಂಟು ಹೋದೊಡನೆ ಎಲ್ಲ ಮರೆಯುತ್ತಿತ್ತು. ಕೊಟ್ಟೂರಿನಲ್ಲಿ ಕರೆಂಟು ದಿನಕ್ಕೆ ಆರು ಸಲ ಹೋಗುತ್ತಿತ್ತು. ಮರೆಯದಂಥದ್ದೇ ಬೇಕು. ಅದರಲ್ಲೂ 2708 ಎಂಬುದು ಮೂರು ಥರದ ವೋಲ್ಟೇಜು ಕೇಳುತ್ತದೆ, ಅದರ ಸಹವಾಸ ಬೇಡ. 2716 ವಾಸಿ, ಐದು ವೋಲ್ಟು ಕೊಟ್ಟರೆ ಸುಮ್ಮನೆ ಕೆಲಸ ಮಾಡುತ್ತದೆ. ಗುಜರಿಯಿಂದ ತಂದ ಅಂಥವು ನಾಲ್ಕು ಅವನಲ್ಲಿದ್ದವು. ಒಂದೊಂದರಲ್ಲಿ ಎರಡು ಸೆಕೆಂಡಿನ ಮಾತು ಹಿಡಿಯುತ್ತದೆ. ನೀರು ಕೊಡು, ಹಸಿವಾಗೈತಿ, ನೋಯ್ತೈತಿ, ಹೊರಗ ಹೋಗಿ ಬರ್ತೀನಿ. ಇಷ್ಟಿದ್ದರೆ ಸಂಸಾರ ನಡೆಯುತ್ತದೆಂದು ಲೆಕ್ಕ ಹಾಕಿದ.

ಆದರೆ ಅವುಗಳಲ್ಲಿ ಯಾವುದೋ ಮಿಷನ್ನಿನ ಹಳೆಯ ಬರಹ ತುಂಬಿತ್ತು. ಅದನ್ನು ಅಳಿಸದೆ ಹೊಸದು ಬರೆಯುವಂತಿಲ್ಲ. ಚಿಪ್ಪಿನ ನೆತ್ತಿಯ ಮೇಲೆ ಒಂದು ಪುಟ್ಟ ಕಿಟಕಿ ಇರುತ್ತದೆ. ಅದರೊಳಗೆ ವಾರಗಟ್ಟಲೆ ಬಿಸಿಲು ಬಿದ್ದರೆ ಬರಹ ಅಳಿಯುತ್ತದೆ. ದೊಡ್ಡ ಊರಿನವರು ಅದಕ್ಕೊಂದು ಬೇರೆ ದೀಪ ಇಟ್ಟಿರುತ್ತಾರೆ. ನಮ್ಮ ಕಡೆ ಬಿಸಿಲಿಗೇನು ಕೊರತೆ! ಖಾಜಾಸಾಬ್ ನಾಲ್ಕನ್ನೂ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಹೆಂಡತಿಯ ಕೈಗೆ ಕೊಟ್ಟ. ಮಾಳಿಗೆ ಹತ್ತುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

“ಶಾವಿಗಿ ಒಣಗಿಸಿದಂಗ ನೋಡ್ಕೊಂತೀನಿ, ನೀವು ಆರಾಮ ಮಲಗ್ರಿ,” ಎಂದಳು ಅವಳು. ಪಾಪ, ಹಾಗೆಯೇ ನೋಡಿಕೊಂಡಳು. ಬೆಳಿಗ್ಗೆ ಮೇಲೆ, ಸಂಜೆ ಕೆಳಗೆ, ಒಂದು ದಿನ ತಪ್ಪಿಸಲಿಲ್ಲ.

ಹತ್ತನೆಯ ದಿನ ಖಾಜಾಸಾಬ್ ಚಿಪ್ಪುಗಳನ್ನು ಕಂಪ್ಯೂಟರಿಗೆ ಚುಚ್ಚಿ ನೋಡಿದ. ಮೊದಲನೆಯದರಲ್ಲಿ ಹಳೆಯ ಬರಹ ಇದ್ದಂತೆಯೇ ಇತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದೊಂದೇ ತೊಳೆದಿಟ್ಟಂತೆ ಖಾಲಿಯಾಗಿತ್ತು. ಅವನಿಗೆ ತಲೆಬುಡ ತಿಳಿಯಲಿಲ್ಲ. ಏದುಸಿರು ಬಿಡುತ್ತ ಮಾಳಿಗೆ ಹತ್ತಿದ. ಅಲ್ಲಿ ತಟ್ಟೆ ಇಡುತ್ತಿದ್ದ ಜಾಗದ ಪಕ್ಕ, ಹಳೆಯ ಫೋಟೋ ಚೌಕಟ್ಟಿನ ಗಾಜಿನ ತುಂಡೊಂದು ಫಳಫಳ ಹೊಳೆಯುತ್ತಿತ್ತು.

“ಈ ಗಾಜು ಚಿಪ್ಪಿನ ಮ್ಯಾಲ ಯಾಕ ಮುಚ್ಚಿದಿ?” ಅವನ ಒಡಕು ದನಿ ಓಣಿಗೆಲ್ಲ ಕೇಳಿಸಿತು.

“ಧೂಳು ಬೀಳತಿತ್ತಲ್ಲರಿ. ಕಾಗಿ ಬ್ಯಾರೆ. ಮೂರು ಮುಚ್ಚಿದ್ವು, ಕಡೀದಕ್ಕ ಗಾಜು ಸಾಲಲಿಲ್ಲ. ಗಾಜಿನ್ಯಾಗ ಬಿಸಲು ಹಾಯತೈತಲ್ಲ?”

“ಬೆಳಕು ಹಾಯತೈತಿ. ಅಳಿಸೋ ಕಿರಣ ಹಾಯಂಗಿಲ್ಲಲೇ! ನಾಡದ್ದು ಹುಬ್ಬಳ್ಳಿ ಬಸ್ಸು ಹತ್ತಬೇಕು. ಇನ್ನ ಯಾವಾಗ ಅಳಿಸ್ಲಿ?”

ದಾವಲ್ ಬೀ ಅಲ್ಲೇ ಕುಸಿದಳು. “ಯಾ ಅಲ್ಲಾ, ನಿಮ್ಮ ಮಾತು ನಾನಾ ನುಂಗಿದ್ನಲ್ಲರಿ,” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಅಳು ನೋಡಿ ಖಾಜಾಸಾಬನ ಸಿಟ್ಟು ಜರ್ರನೆ ಇಳಿಯಿತು. ಉಳಿದ ಎರಡು ದಿನದ ಮಾತನ್ನೂ ಬೈಗುಳಕ್ಕೆ ಖರ್ಚು ಮಾಡಿದೆನಲ್ಲ ಎಂದು ತನ್ನ ಮೇಲೆ ತನಗೇ ನಾಚಿಕೆಯಾಯಿತು.

“ಹೋಗ್ಲಿ ಬಿಡು, ಒಂದಾದ್ರೂ ಐತಲ್ಲ. ನೀರು ಕೊಡು ಅಂತ ಹಾಕ್ತೀನಿ.”

“ಬ್ಯಾಡ,” ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. “ನೀರು ಬೇಕಂದ್ರ ನಿಮ್ಮ ಮುಖ ನೋಡಿದ್ರ ತಿಳೀತೈತಿ. ಹಸಿವಾದ್ರ ಪಾತ್ರಿ ಸಪ್ಪಳ ಮಾಡ್ತೀರಿ, ಅದಕ್ಕೊಂದು ಚಿಪ್ಪು ಬೇಕಾ? ನಾ ಒಲಿ ಮುಂದ ಬೆನ್ನು ಹಾಕಿ ಕುಂತಾಗ ಮುಖ ಕಾಣಂಗಿಲ್ಲ ನೋಡ್ರಿ, ಆವಾಗ ಕರೀರಿ. ನನಗ ಅಷ್ಟಾದ್ರ ಸಾಕು.”

ಕರೆಯುವುದು! ಏನಂತ? ಆ ಓಣಿಯಲ್ಲಿ ಹೆಂಡತಿಯ ಹೆಸರು ಹಿಡಿದು ಕೂಗುವ ಗಂಡಸು ಒಬ್ಬನೂ ಇರಲಿಲ್ಲ. ಮಕ್ಕಳಿದ್ದವರು ಮಗನ ಹೆಸರು ಹಿಡಿದು ‘ಇಂಥವನ ಅವ್ವಾ’ ಎನ್ನುತ್ತಿದ್ದರು. ಮಕ್ಕಳಿಲ್ಲದ ಖಾಜಾಸಾಬ್ ಇಪ್ಪತ್ತಾರು ವರ್ಷ ‘ಏ’, ‘ಕೇಳಿಸ್ತಾ’, ‘ಎಲ್ಲಿ ಸತ್ತಿ’ ಎಂದೇ ನಿಭಾಯಿಸಿದ್ದ. ಮರುದಿನ ಬೆಳಿಗ್ಗೆ ಪಕ್ಕದ ಭರಮಮ್ಮನ ಮನೆಯಿಂದ ಮಜ್ಜಿಗೆ ತಾ ಎಂದು ಅವಳನ್ನು ಸಾಗಹಾಕಿ, ಬಾಗಿಲು ಮುಂದೆ ಮಾಡಿ, ಹೊಸ ಮದುವಣಿಗನಂತೆ ಬೆವರುತ್ತ ಮೈಕಿನ ಮುಂದೆ ಕೂತ.

ಮೊದಲ ಸಲ ಹೇಳಿದ. ಚಿಪ್ಪಿಗೆ ಬರೆಯುವ ಮೊದಲೇ ಕರೆಂಟು ಹೋಯಿತು. ಕಂಪ್ಯೂಟರು ಎಲ್ಲ ಮರೆಯಿತು. ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂತು. ಎರಡನೆಯ ಸಲ ಬರೀ ಗಾಳಿ ಹೊರಟಿತು. ಬಿಸಿನೀರು ಕುಡಿದು, ಕಣ್ಣು ಮುಚ್ಚಿ, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಮೂರನೆಯ ಸಲ ಕರೆದ. ಇಪ್ಪತ್ತೈದು ವೋಲ್ಟು ಹರಿಸಿ ಚಿಪ್ಪಿಗೆ ಬರೆಯಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಅವನು ತಲೆಯ ಮೇಲಿನ ಬಲ್ಬನ್ನೇ ನೋಡುತ್ತ ದುವಾ ಮಾಡಿದ. ಬಲ್ಬು ಆರಲಿಲ್ಲ. ಬೆಳಕು ತಾಗದಂತೆ ಚಿಪ್ಪಿನ ಕಿಟಕಿಯ ಮೇಲೆ ಕಪ್ಪು ಟೇಪು ಅಂಟಿಸಿದ.

“ಏನಂತ ಕರೆದ್ರಿ? ಒಂದು ಸಲ ಕೇಳಸ್ರಿ,” ಎಂದಳು ಹರಟೆ ಮುಗಿಸಿ ಮಜ್ಜಿಗೆ ತಂದವಳು.

“ಈಗ ಯಾಕ? ಬಂದ ಮ್ಯಾಲ ಕೇಳುವಂತಿ,” ಎಂದು ಅವನು ಮುಖ ತಿರುಗಿಸಿಕೊಂಡ.

ಹುಬ್ಬಳ್ಳಿಯಲ್ಲಿ ಐದು ವಾರವಾಯಿತು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದ ದಿನ ದಾವಲ್ ಬೀ ಕೈಕಾಲು ತೊಳೆದವಳೇ ಒಲೆ ಹಚ್ಚಲು ಕೂತಳು. ಹಸಿ ಕಟ್ಟಿಗೆ, ಬರೀ ಹೊಗೆ. ಅವಳು ಬಗ್ಗಿ ಊದುತ್ತಿದ್ದಳು. ಖಾಜಾಸಾಬ್ ಕಂಪ್ಯೂಟರಿನ ಮುಂದೆ ಕೂತು ಬೆರಳನ್ನು ಗುಂಡಿಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಬೇರೆ ಯಾರದೋ ದನಿಯಂತೆ ಕೇಳಿಸಿ ಅವಳು ಹೆದರಿಬಿಟ್ಟರೆ? ಕೊನೆಗೆ ಒತ್ತಿಯೇಬಿಟ್ಟ.

“ದಾವಲ್ ಬೀ... ಏ ದಾವಲ್ ಬೀ!” ಎಂದಿತು ಸ್ಪೀಕರು. ಗೊರಗೊರ ಇತ್ತು, ಆದರೆ ಅವನದೇ ದನಿ.

“ಬಂದೆ, ಬಂದೆರಿ,” ಎಂದಳು ದಾವಲ್ ಬೀ, ಒಲೆಯಿಂದ ತಲೆಯೆತ್ತದೆ. “ಹಂಗ ಕೂಗಬ್ಯಾಡ್ರಿ, ಗಂಟಲು ನೋಯ್ತೈತಿ.”